ಎರಡನೇ ಬದಿ

ಕ್ಯಾಸೆಟ್ ಕಾಕಾರ ಎಡಗಿವಿಯಲ್ಲಿ ಸದಾ ಅತ್ತರಿನ ಹತ್ತಿ ಇರುತ್ತಿತ್ತು. ಶೋಕಿಗೆ ಎಂದು ಆಳಂದದ ಜನ ತಿಳಿದಿದ್ದರು. ಆ ಕಿವಿ ಎಂದೋ ಸತ್ತಿತ್ತು. ಬಲಗಿವಿಯೂ ಹೆಚ್ಚು ದಿನ ಉಳಿಯದು ಎಂದು ಕಲಬುರ್ಗಿಯ ಡಾಕ್ಟರು ಹೇಳಿದ ಮೇಲೆ, ಊರಿಗೆಲ್ಲ ಹಾಡು ತುಂಬಿಕೊಡುತ್ತಿದ್ದ ಮನುಷ್ಯ ಒಂದೇ ಕ್ಯಾಸೆಟ್ಟಿಗೆ ಜೋತುಬಿದ್ದರು.

ಮುಂಬಯಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದಾಗ ಯಾವುದೋ ವಿಲಾಯತಿ ರಾಕ್ ತಂಡದ ರೆಕಾರ್ಡಿನಿಂದ ಇಳಿಸಿಕೊಂಡದ್ದು. ಹೆಸರು ಬರೆದಿರಲಿಲ್ಲ. ಗಿಟಾರಿನ ಗದ್ದಲದ ನಡುವೆ ಜಾಝ್‌ನ ಸ್ಯಾಕ್ಸೊಫೋನು ಅಳುತ್ತಿತ್ತು. ಪಲ್ಲವಿ ಬಂದೀತೆಂದು ಕಾದು ಕೂತರೆ ಬದಿಯೇ ಮುಗಿಯುತ್ತಿತ್ತು. ಸುಳ್ಳೇಕೆ, ಅವರ ಅಂಗಡಿಯಲ್ಲಿ ಅದನ್ನು ಕೇಳಿ ನನಗೆ ಮೊದಲು ತಲೆನೋವು ಬಂತು. ನಾನು ನಿಂಬರ್ಗಾದ ಶಾಲೆಯ ಮಾಸ್ತರ, ಭಜನಾ ಮಂಡಳಿಯ ತಬಲಾದವ. ಆ ಡ್ರಮ್ಮು ನಮ್ಮ ಭಜನೆಯ ಎಂಟು ಮಾತ್ರೆ ಬಿಟ್ಟು, ಹಿಂದೂಸ್ತಾನಿ ರೂಪಕ ತಾಳದಂತೆ ಏಳು ಮಾತ್ರೆಯಲ್ಲಿ ನಡೆಯುತ್ತದೆಂದು ಹೊಳೆದ ದಿನದಿಂದ ನನಗೂ ಹುಚ್ಚು ಹಿಡಿಯಿತು.

"ಹೊಂಟ್ರ ತಿರುಗಿ ನೋಡೂದಿಲ್ರಿ ಇದು. ಅದಕ್ಕ ಇದರ ಮ್ಯಾಲ ಜೀವ," ಅನ್ನುತ್ತಿದ್ದರು ಕಾಕಾ. ನನಗೆ ಕೇಳಿಸಿದ್ದು ಮೊದಲ ಬದಿ ಮಾತ್ರ. ಒಂದು ದಿನ ಕ್ಯಾಸೆಟ್ಟನ್ನೇ ಕೈಗಿಟ್ಟರು. "ಒಯ್ರಿ ಮಾಸ್ತರ, ಪೂರಾ ಕಲೀರಿ. ಕಿವಿ ಹೋದ ಮ್ಯಾಲ ನನ್ನ ಬೆನ್ನ ಮ್ಯಾಲ ಬಾರಸ್ರಿ. ಅಲ್ಲೇ ಕೇಳ್ತೇನಿ."

ಮೊದಲ ಬದಿ ಕೈಗೆ ಹತ್ತಿತು. ಅಷ್ಟರಲ್ಲಿ ಸೋಮವಾರದ ಭಜನೆಗೆ ಕಡಗಂಚಿಯ ಮುದುಕ ಗವಾಯಿಗಳು ಬಂದರು. ಅವರ ದನಿ ತುಂಬಿಕೊಳ್ಳಲು ಖಾಲಿ ಕ್ಯಾಸೆಟ್ ಇರಲಿಲ್ಲ. ಮಂಡಳಿಯ ಕ್ಯಾಸೆಟ್ಟುಗಳಲ್ಲಿ ಎರಡನೇ ಬದಿ ಯಾವಾಗಲೂ ಖಾಲಿ. ಇದೂ ಹಾಗೇ ಅಂದುಕೊಂಡೆ. ಮೇಲೆ ಬೇರೇನೂ ತುಂಬಬಾರದೆಂದು ಕಾಕಾ ಅದರ ಬೆನ್ನಿನ ಪ್ಲಾಸ್ಟಿಕ್ ಚೂರು ಮುರಿದಿದ್ದರು. ಆ ತೂತಿಗೆ ಕಾಗದ ತುರುಕಿದರೆ ಮತ್ತೆ ತುಂಬಬಹುದೆಂದು ಊರಿಗೆ ಕಲಿಸಿದವರೂ ಅವರೇ. ತುರುಕಿದೆ, ಗವಾಯಿಗಳ ಭಜನೆ ತುಂಬಿಕೊಂಡೆ. ಮುರಿದದ್ದೇಕೆ ಎಂದು ಯೋಚಿಸುವ ಬುದ್ಧಿ ಆಗ ಬರಲಿಲ್ಲ.

ಆ ಬದಿಯಲ್ಲೂ ಹಾಡಿತ್ತೆಂದು ಆಮೇಲೆ ಹೊಳೆದು, ಹೆದರಿ ಹದಿನೈದು ದಿನ ಅತ್ತ ಸುಳಿಯಲಿಲ್ಲ. ಕ್ಯಾಸೆಟ್ ಹಿಡಿದು ಹೋದಾಗ ಕಾಕಾರ ಬಲಗಿವಿಯೂ ಹೋಗಿತ್ತು. ಎರಡನೇ ಬದಿ ಹಾಕಿ, ಸ್ಪೀಕರಿನ ಮೇಲೆ ಅಂಗೈ ಊರಿ, ಇನ್ನೊಂದು ಕೈಯ ಬೆರಳಲ್ಲಿ ಮಾತ್ರೆ ಎಣಿಸಿದರು. ಮತ್ತೆ ಎಣಿಸಿದರು.

"ಮಾಸ್ತರ, ಇದು ಎಂಟ ಐತ್ರಿ."

ಕಾಲು ಹಿಡಿದು ಅತ್ತೆ. ನನ್ನ ಮಾತು ಅವರಿಗೆ ಕೇಳಿಸಲಿಲ್ಲ. ಟೇಪು ನಿಲ್ಲಿಸಿ, ಅಂಗಿ ಎತ್ತಿ ಬೆನ್ನು ತಿರುಗಿಸಿದರು. "ಬಾರಸ್ರಿ."

ಬಾರಿಸಿದೆ. ಬರುತ್ತಿದ್ದ ಮೊದಲ ಬದಿ ಮುಗಿಯಿತು. ಅವರು ಬಾಗಿಯೇ ಕೂತಿದ್ದರು, ಕಾಯುತ್ತ.

ಆ ವರ್ಷವೇ ಕಾಕಾ ತೀರಿಕೊಂಡರು. ಕಲಬುರ್ಗಿ, ಸೊಲ್ಲಾಪುರದ ಎಷ್ಟು ಅಂಗಡಿಗಳಲ್ಲಿ ಮೇಜಿನ ಮೇಲೆ ಏಳು ಮಾತ್ರೆ ಬಾರಿಸಿ ತೋರಿಸಿದ್ದೇನೋ, ಇದರ ಎರಡನೇ ಬದಿ ಇದೆಯೇ ಎಂದು. ಯಾರಿಗೂ ಗೊತ್ತಿಲ್ಲ.