ಜೈನಬ್ಬಿಯ ಮೂರು ಮಾತು

ಕಳೆದ ವಾರ ಹರಿಹರದ ಬಸ್ಸಿನಲ್ಲಿ ಹಿಂದಿನ ಸೀಟಿನವರೊಬ್ಬರು ನಿದ್ದೆಯಲ್ಲಿ ಕನವರಿಸಿದರು. ಒಂದು ಪದವೂ ತಿಳಿಯಲಿಲ್ಲ, ಆದರೂ ಮೈ ಜುಮ್ಮೆಂದಿತು. ಜೈನಬ್ಬಿ ನೆನಪಾದರು.

ಜೈನಬ್ಬಿ ಎಂದರೆ ನಮ್ಮ ಮನೆಗೆ ಹಾಸಿಗೆ ಹೊಲಿದುಕೊಡುವ ಹರಿಹರದ ರಹೀಮನ ತಾಯಿ. ಹಡಗಿನಲ್ಲಿ ಕೆಲಸಕ್ಕಿದ್ದ ಗಂಡ ಅವರನ್ನು ಎಲ್ಲಿಂದ ಕರೆತಂದರೋ, 'ಸಮುದ್ರದ ಕಡೆಯವಳು' ಎಂದಷ್ಟೇ ಹೇಳಿ ತೀರಿಕೊಂಡಿದ್ದರು. ಎಂಬತ್ತು ದಾಟಿದ ಮೇಲೆ ಮುದುಕಿಯ ಕನ್ನಡವೂ ಉರ್ದುವೂ ಎಲೆಯಂತೆ ಉದುರಿಹೋದವು. ಉಳಿದದ್ದು ಮೂರೇ ಪದ. ನೆಲದ ಚಪ್ಪಡಿ ಸವರುತ್ತ, ನಮ್ಮ ಹೆಗಲ ಹಿಂದೆ ಯಾರನ್ನೋ ನೋಡುತ್ತ, "ಅನಕ್... ಮಾತಿ... ಬಾತು" ಎನ್ನುವರು. ಮೊಮ್ಮಕ್ಕಳು ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರು.

"ಜಿನ್ನು ಹಿಡದೈತೆ ಅಂತಾರ್ರಿ ಟೀಚರ್, ತಾಯತ ಕಟ್ಟಿಸ್ಲಾ?" ಎಂದು ರಹೀಮ ಕೇಳಿದ.

ಮೂವತ್ತು ವರ್ಷ ವ್ಯಾಕರಣ ಕಲಿಸಿದವಳು ನಾನು. "ಬ್ಯಾಡ. ಬಾತುಕೋಳಿ ವಿಷಯ ಏನೋ ಹೇಳ್ತಿದಾರೆ" ಎಂದು ಗಂಭೀರವಾಗಿ ಅರ್ಥ ಬಿಡಿಸಿದೆ!

ಆಗ ದಾವಣಗೆರೆಯ ನಮ್ಮ ಮಹಡಿಯಲ್ಲಿ ಮಡಗಾಸ್ಕರದ ಹಾಂತಾ ಬಾಡಿಗೆಗಿದ್ದಳು, ಫಾರ್ಮಸಿ ಓದುತ್ತ ನಮ್ಮಿಂದ ಕನ್ನಡ ಕಲಿತಿದ್ದ ಹುಡುಗಿ. ಒಂದು ಭಾನುವಾರ ಅವಳಿಗೆ ಹರಿಹರದ ದೇವಸ್ಥಾನ ತೋರಿಸಿ, ಹಾಗೇ ರಹೀಮನ ಮನೆಗೆ ಕರೆದೊಯ್ದೆ. ಮುದುಕಿಯ ಮಾತು ಕೇಳಿದ್ದೇ ಅವಳು ಚಹಾ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಆಂಟಿ, ನಮ್ಮಲ್ಲಿ ಅನಕ ಅಂದ್ರೆ ಮಗು. ಮಾತಿ, ಸತ್ತದ್ದು. ವಾತು, ಕಲ್ಲು."

ರಹೀಮ, "ನಿಮ್ಮ ಭಾಷೆ ಅಮ್ಮಗ ಹೆಂಗೆ ಬಂತು?" ಎಂದ.

"ನಂದಲ್ಲ. ಮಲೇಷ್ಯಾ ಕಡೆಯ ಮಲಯ ಇರ್ಬೇಕು. ಅಕ್ಕತಂಗಿ ಭಾಷೆ."

ಸಾವಿರಾರು ವರ್ಷಗಳ ಹಿಂದೆ ತೈವಾನಿನ ಕಡೆಯಿಂದ ದೋಣಿ ಹತ್ತಿದವರ ಮಾತು ದ್ವೀಪದಿಂದ ದ್ವೀಪಕ್ಕೆ ಕವಲೊಡೆಯಿತಂತೆ. ಪೂರ್ವಕ್ಕೆ ಹವಾಯಿಯವರೆಗೆ, ಪಶ್ಚಿಮಕ್ಕೆ ಅವಳ ಮಡಗಾಸ್ಕರದವರೆಗೆ. ಐದಕ್ಕೆ ಮಲಯದಲ್ಲೂ ಹವಾಯಿಯಲ್ಲೂ ಲಿಮ, ಅವಳಲ್ಲಿ ದಿಮಿ. ನಮ್ಮ ಕನ್ನಡ, ತಮಿಳು ದ್ರಾವಿಡವಾದಂತೆ ಅವೆಲ್ಲ ಆಸ್ಟ್ರೋನೇಷಿಯನ್ ಎಂಬ ಒಂದೇ ಕುಟುಂಬ.

ಹಾಂತಾ ನೆಲಕ್ಕೆ ಕೂತು ಮೆಲ್ಲಗೆ "ಅನಕ?" ಎಂದಳು. ಜೈನಬ್ಬಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು.

"ಅನಕ್. ಮೆಲಾತಿ."

"ಈ ಪದ ನಮ್ಮಲ್ಲಿಲ್ಲ. ಹೆಸರೇನೋ" ಎಂದಳು ಹಾಂತಾ.

ಫೋನಿನಲ್ಲಿ ಹುಡುಕಿದೆವು. ಮಲಯದಲ್ಲಿ ಮೆಲಾತಿ ಎಂದರೆ ಮಲ್ಲಿಗೆ. ಹೆಣ್ಣುಮಕ್ಕಳಿಗೆ ಇಡುವ ಹೆಸರು. ಮುದುಕಿ ನೆಲದಲ್ಲಿ ಸವರುತ್ತಿದ್ದದ್ದು ಆ ಮಗುವಿನ ಗೋರಿಕಲ್ಲನ್ನು. ಅರವತ್ತರ ರಹೀಮ ತಾಯಿಯ ಪಕ್ಕ ಬಂದು ಕೂತ. "ನಂಗೊಬ್ಬ ಅಕ್ಕ ಇದ್ಲಾ? ನಮ್ಮ ಅಬ್ಬಾ ಯಾಕ ಹೇಳ್ಲಿಲ್ಲ?"

ಮರುದಿನವೇ ಮೆಲಾತಿಯ ಹೆಸರಿನಲ್ಲಿ, ಸತ್ತವರಿಗೆ ಓದಿಸುವ ಫಾತಿಹಾ ಓದಿಸಿದ. ಮುದುಕಿ ಮತ್ತೆ ಆ ಮೂರು ಮಾತು ಆಡಲಿಲ್ಲ.

ತಿಂಗಳ ಬಳಿಕ, ಕೊನೆಯ ದಿನ ನಾನೂ ಅಲ್ಲಿದ್ದೆ. ಹಾಸಿಗೆಯಂಚಿನಲ್ಲಿ ಕೂತ ಮಗನನ್ನು ನೋಡಿ ಜೈನಬ್ಬಿ ತಮ್ಮ ಮೊದಲಿನ ಉರ್ದು ಬೆರೆತ ಕನ್ನಡದಲ್ಲೇ, ಸ್ಪಷ್ಟವಾಗಿ, "ಸರ್ಕೊ ಬೇಟಾ, ಅಕ್ಕಗ ಜಾಗ ಬಿಡು" ಎಂದರು.

ರಹೀಮ ಸರಿದು ಕೂತ.

ಈಗಲೂ ಆ ಮನೆಗೆ ಹೋದಾಗ, ನಗಬೇಡಿ, ನಾನೂ ಒಂದಿಷ್ಟು ಸರಿದೇ ಕೂರುತ್ತೇನೆ.