ಒಂಬತ್ತು ಜಪಾನಿ ಪೆನ್ನುಗಳು

ನಾನು ಹೇಳುತ್ತಿರುವುದು ನಮ್ಮ ಬನಹಟ್ಟಿ ಇನ್ನೂ ಜಮಖಂಡಿ ಸಂಸ್ಥಾನದಲ್ಲಿದ್ದ ಕಾಲದ ಮಾತು. ಕೂಗಿದರೆ ಕೇಳುವಷ್ಟು ಹತ್ತಿರದ ರಬಕವಿ ಸಾಂಗಲಿಯ ರಾಜರದು. ಓಣಿ ದಾಟಿದ ಕೋಳಿ ಪರರಾಜ್ಯಕ್ಕೆ ಹೋಯಿತೆಂದು ಹಿರಿಯರು ನಗುತ್ತಿದ್ದರು. ಬೆಳಗಾದರೆ ಮನೆಮನೆಯಲ್ಲೂ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಸಪ್ಪಳ, ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆ. ಬಣ್ಣದ ಹಂಡೆಗಳಿಂದ ಚೆಲ್ಲಿದ ನೀರು ಗಟಾರದಲ್ಲಿ ಒಮ್ಮೆ ಕೆಂಪಾಗಿ, ಒಮ್ಮೆ ನೀಲಿಯಾಗಿ ಹರಿಯುತ್ತಿತ್ತು. ಆ ನೀರು ನೋಡಿಯೇ ಇಂದು ಯಾರ ಮನೆಯಲ್ಲಿ ಯಾವ ಸೀರೆ ಎಂದು ಪಂಥ ಕಟ್ಟುವುದು ನಮ್ಮ ಹುಡುಗಿಯರ ಆಟ. ಆ ಆಟ ಆಡಿದವರಲ್ಲಿ ಈಗ ನಾನೊಬ್ಬಳೇ ಉಳಿದಿರಬೇಕು.

ಅಪ್ಪ ನೂಲಿನ ವ್ಯಾಪಾರಿ. ವರ್ಷಕ್ಕೆ ಮೂರು ಸಲ ಕುಡಚಿಯಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗಿ, ಜಪಾನಿನಿಂದ ಹಡಗಿನಲ್ಲಿ ಬರುತ್ತಿದ್ದ ನಕಲಿ ರೇಷ್ಮೆಯ ನೂಲು ತರುತ್ತಿದ್ದ. ಅದನ್ನು ಮಾರುವ ಕಚೇರಿಯಲ್ಲಿ ತಾನಾಕಾ ಎಂಬ ಜಪಾನಿ ಗುಮಾಸ್ತನಿದ್ದ. ಇಬ್ಬರಿಗೂ ಅರೆಬರೆ ಹಿಂದಿ. ಒಂದು ಸಲ ಅಪ್ಪ ಅವನಿಗೆ ನಮ್ಮ ಊರಿನ ಸೀರೆಯೊಂದನ್ನು ಉಡುಗೊರೆ ಕೊಟ್ಟಾಗ ಅವನು ತನ್ನ ಜೇಬಿನ ಪೆನ್ನನ್ನೇ ತೆಗೆದು ಅಪ್ಪನ ಕೈಗಿಟ್ಟನಂತೆ. ಕಾಡಿಗೆಯಂಥ ಕಪ್ಪು ಮೈ, ಅದರ ಮೇಲೆ ಬಂಗಾರದ ಒಂದು ಕೊಕ್ಕರೆ. ಅಲ್ಲಿಂದ ಅಪ್ಪನಿಗೆ ಆ ಹುಚ್ಚು ಹತ್ತಿತು. ಮನೆಗೆ ಅಟ್ಟ ಏರಿಸುವುದು ನಿಂತಿತು, ಅವ್ವನ ಬಂಗಾರದ ಪಾಟಲಿ ಬಳೆ ಮುಂದಿನ ವರ್ಷಕ್ಕೆ ಹೋಯಿತು. ಆರು ವರ್ಷಗಳಲ್ಲಿ ಒಂಬತ್ತು ಪೆನ್ನುಗಳಾದವು.

ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ. ಅವತ್ತು ಅಪ್ಪ ಜಳಕ ಮಾಡಿ ಪಡಸಾಲೆಯಲ್ಲಿ ಚಾಪೆ ಹಾಸಿ, ಕರ್ಪೂರದ ವಾಸನೆಯ ಸಾಗವಾನಿ ಪೆಟ್ಟಿಗೆ ತೆರೆಯುತ್ತಿದ್ದ. ಪೆನ್ನುಗಳನ್ನು ಒರೆಸುವ ರೇಷ್ಮೆ ಚಿಂದಿ ಹಿಡಿದು ಪಕ್ಕದಲ್ಲಿ ಕೂಡುವ ಭಾಗ್ಯ ನನ್ನದು. ಒಂದರ ಮೇಲೆ ತೆರೆ, ಒಂದರ ಮೇಲೆ ಹುಲ್ಲಿನ ನಡುವೆ ಚಂದ್ರ, ಒಂದರ ಮೇಲೆ ಸೇವಂತಿಗೆ. ನನಗೆ ಜೀವವೆಂದರೆ ಕೆಂಪು ಮೀನಿನದು. ಓರೆ ಮಾಡಿ ಹಿಡಿದರೆ ಅದರ ಬಾಲ ಅಲುಗಿದಂತೆ ಕಾಣುತ್ತಿತ್ತು.

ಪೆನ್ನಿನ ಈ ಹೊಳಪು ನಮ್ಮ ಅರಗಿನದಲ್ಲ, ಒಂದು ಗಿಡದ ಹಾಲಿನದು ಎಂದು ಅಪ್ಪ ತಾನಾಕಾನಿಂದ ಕೇಳಿದ್ದನ್ನು ಹೇಳುತ್ತಿದ್ದ. ಒಂದು ಪದರು ಹಚ್ಚಿ ಒಣಗಿಸಿ, ಇದ್ದಿಲಿನಿಂದ ತಿಕ್ಕಿ, ಮತ್ತೆ ಹಚ್ಚಿ, ಹೀಗೆ ತಿಂಗಳುಗಟ್ಟಲೆ. ಆಮೇಲೆ ಕೂದಲೆಳೆಯ ಕುಂಚದಿಂದ ಚಿತ್ರ ಬರೆದು, ಹಸಿ ಇರುವಾಗಲೇ ಬಂಗಾರದ ಪುಡಿ ಉದುರಿಸುವುದು. ಕೆಳಗೆ ಇರುವೆಯಷ್ಟು ಸಣ್ಣದಾಗಿ ಕೆಂಪಿನಲ್ಲಿ ಮಾಡಿದವನ ಹೆಸರು. "ನೋಡ ಗಂಗೂ, ನಮ್ಮ ನೇಕಾರ ಸೀರಿ ಮ್ಯಾಲೆ ಹೆಸರ ಬರೀತಾನೇನು? ಇವ್ರು ಬರೀತಾರ," ಎನ್ನುತ್ತಿದ್ದ. ಆ ಪೆನ್ನುಗಳಿಂದ ಅವನು ಎಂದೂ ಬರೆದವನಲ್ಲ. ವ್ಯಾಪಾರದ ಬರವಣಿಗೆಗೆ ಬೇರೆ, ಸಾದಾ ಪೆನ್ನಿತ್ತು.

ಮನೆಯಲ್ಲಿ ಈ ಪೆನ್ನುಗಳನ್ನು ನೋಡಿ ನಗುತ್ತಿದ್ದವನು ಮಲ್ಲೂಮಾಮಾ ಒಬ್ಬನೇ. ಅವನು ಅವ್ವನ ತಮ್ಮ, ಅಪ್ಪನನ್ನು ಮಾವಾರ ಎನ್ನುತ್ತಿದ್ದ. ಅವರ ತಂದೆತಾಯಿ ಪ್ಲೇಗಿನಲ್ಲಿ ಒಂದೇ ವಾರದಲ್ಲಿ ಹೋಗಿದ್ದರು. ಅವ್ವ ಮದುವೆಯಾಗಿ ಬಂದಾಗ ನಾಲ್ಕು ವರ್ಷದ ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಂದವಳು. ಈಗ ಅವನಿಗೆ ಇಪ್ಪತ್ತು. ಕುಡಚಿ ಸ್ಟೇಶನ್ನಿನಿಂದ ನೂಲಿನ ಗಂಟು ತರುವ ಲಾರಿ ಓಡಿಸುತ್ತಿದ್ದ. ಬರುವಾಗ ಹಿಪ್ಪರಗಿ ಕಡೆಯ ಹೊಲಗಳಿಂದ ಕೆಂಡದಲ್ಲಿ ಸುಟ್ಟ ಎಳೆಜೋಳದ ಬಿಸಿ ಸೀತನಿ ಕಟ್ಟಿಸಿಕೊಂಡು ಬಂದು ನನ್ನ ಉಡಿಗೆ ಸುರಿಯುತ್ತಿದ್ದ. ಅವನ ಅಂಗಿಯಿಂದ ಪೆಟ್ರೋಲು ಮತ್ತು ಸುಟ್ಟ ತೆನೆಯ ವಾಸನೆ ಒಟ್ಟಿಗೇ ಬರುತ್ತಿತ್ತು.

ಅದು ಸೀತನಿಯ ಕಾಲವೇ. ಅಪ್ಪ ಲೋಕಾಪುರಕ್ಕೆ ಹೋಗಿದ್ದ, ಅವ್ವ ಹಿತ್ತಲಲ್ಲಿದ್ದಳು. ಸಾಲೆಯಲ್ಲಿ ಹೊಸದಾಗಿ ಮಸಿಯಿಂದ ಬರೆಯಲು ಹೇಳಿಕೊಟ್ಟಿದ್ದರು. ಮೀನಿನ ಪೆನ್ನಿನಿಂದ ಒಂದೇ ಒಂದು ಸಲ ನನ್ನ ಹೆಸರು ಬರೆಯಬೇಕೆಂಬ ಆಸೆ. ಗೋಡೆಯ ಮಾಡದಲ್ಲಿದ್ದ ಕೀಲಿ ತೆಗೆದು, ಪೆನ್ನಿನ ಹೊಟ್ಟೆಗೆ ಮಸಿ ತುಂಬಿದೆ. ಬರೆದರೆ ಬರಲಿಲ್ಲ. ಪೆನ್ನಿನ ಹಿಂತುದಿಯ ತಿರುಪು ಸಡಿಲಿಸಿದರೆ ಮಾತ್ರ ಅದರಲ್ಲಿ ಮಸಿ ಇಳಿಯುತ್ತದೆಂದು ನನಗೇನು ಗೊತ್ತು. ಜಾಡಿಸಿದೆ. ಇನ್ನೂ ಜೋರಾಗಿ ಜಾಡಿಸಿದೆ. ಪೆನ್ನು ಕೈಯಿಂದ ಹಾರಿ ಹಾಸುಗಲ್ಲಿನ ಮೇಲೆ ಬಿತ್ತು.

ನಿಬ್ಬು ಗಿಣಿಯ ಕೊಕ್ಕಿನಂತೆ ಬಾಗಿತ್ತು. ಮೀನಿನ ಬಾಯಿಯ ಹತ್ತಿರ ಜೋಳದ ನುಚ್ಚಿನಷ್ಟು ಬಣ್ಣ ಎದ್ದು ಒಳಗಿನ ಕಪ್ಪು ಕಾಣುತ್ತಿತ್ತು. ತೊಳೆದು, ಒರೆಸಿ, ಮೊದಲಿನ ಹಾಗೆಯೇ ಸುತ್ತಿ ಇಟ್ಟೆ. ಬೆರಳಿಗೆ ಹತ್ತಿದ ಮಸಿ ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗಲಿಲ್ಲ.

ಮರುದಿನವೇ ಅಮಾವಾಸ್ಯೆ. ಅಪ್ಪ ಪೆಟ್ಟಿಗೆ ತೆರೆದ. ಮೀನಿನ ಪೆನ್ನು ಎತ್ತಿಕೊಂಡು, ಬಾಗಿದ ನಿಬ್ಬಿನ ಮೇಲೆ ಬೆರಳಾಡಿಸಿದ. ಮಲ್ಲೂಮಾಮಾ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ರೊಟ್ಟಿ ತಿನ್ನುತ್ತಿದ್ದ. ಲಾರಿಯ ಕಾಗದಕ್ಕೆ ಸಹಿ ಮಾಡಲು ಅಪ್ಪನ ಸಾದಾ ಪೆನ್ನನ್ನು ಕೇಳದೆ ಒಯ್ಯುವ ರೂಢಿ ಅವನಿಗಿತ್ತು.

"ಮಲ್ಲೂ, ಇದನ್ನ ಮುಟ್ಟಿದಾವ ನೀನ ಹೌದಲ್ಲೊ?" ಎಂದ ಅಪ್ಪ.

ಮಾಮಾ ತಲೆ ಎತ್ತಿದ. ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ಬಲಗೈಯನ್ನು ಲಂಗದ ನೆರಿಗೆಯಲ್ಲಿ ಹುಗಿದುಕೊಂಡು ನಿಂತಿದ್ದೆ. ಅಷ್ಟು ಸಾಕಾಯಿತು ಅವನಿಗೆ.

"ಹೌದ್ರಿ ಮಾವಾರ. ಕೈ ಜಾರಿತು."

ಅಪ್ಪ ದನಿ ಏರಿಸಲಿಲ್ಲ. ಏರಿಸಿದ್ದರೆ ಬಹುಶಃ ಚೆನ್ನಾಗಿತ್ತು. "ಇನ್ನೊಬ್ಬರ ಮನಿ ಅನ್ನಾ ತಿಂದು ಬೆಳದಾವಗ ಇನ್ನೊಬ್ಬರ ವಸ್ತುವಿನ ಕಿಮ್ಮತ್ತು ಹ್ಯಾಂಗ ತಿಳೀಬೇಕು," ಎಂದ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಾಮಾ ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದ.

ವಾರದೊಳಗೆ ಅವನು ಬೆಳಗಾವಿಗೆ ಹೋಗಿ ಸೈನ್ಯಕ್ಕೆ ಹೆಸರು ಕೊಟ್ಟು ಬಂದ. ಲಡಾಯಿ ಕಾಲ, ಲಾರಿ ಬಲ್ಲವರು ಬೇಕಾಗಿದ್ದರು. ಅವ್ವ ಅತ್ತಳು, ಅಪ್ಪನೂ ಬೇಡವೆಂದ. ಹೊರಡುವ ದಿನ ಹಿತ್ತಲಲ್ಲಿ ಅವನ ಹಿಂದೆ ಹಿಂದೆಯೇ ಸುತ್ತಿದೆ. ಎಲ್ಲ ಹೇಳಿಬಿಡುತ್ತೇನೆ, ಹೋಗಬೇಡ ಎಂದೆ.

"ನೀ ಬಾಯಿ ಬಿಡಬ್ಯಾಡ," ಎಂದ. "ಇವತ್ತಿಲ್ಲಾ ನಾಳೆ ನಾ ಹೋಗಾವನ ಇದ್ದೆ."

"ಖರೇನ?"

"ಖರೆ."

ಹತ್ತು ವರ್ಷದ ಹುಡುಗಿಗೆ ಸುಮ್ಮನಿರಲು ಅಷ್ಟೇ ಬೇಕಾಗಿತ್ತು. ನಾನು ಸುಮ್ಮನಿದ್ದುಬಿಟ್ಟೆ.

ಮೊದಲು ಕಾಗದ ಬರುತ್ತಿದ್ದವು. ಹಡಗಿನಲ್ಲಿ ಮಲಾಯಾಕ್ಕೆ ಬಂದಿದ್ದೇವೆ, ಇಲ್ಲಿ ದಿನಾ ಮಳೆ, ರಬ್ಬರಿನ ಗಿಡಕ್ಕೆ ಗಾಯ ಮಾಡಿ ಹಾಲು ಹಿಡಿಯುತ್ತಾರೆ ಎಂದೆಲ್ಲ ಬರೆಯುತ್ತಿದ್ದ. ಪ್ರತಿ ಕಾಗದದ ಮೊದಲ ಸಾಲೂ ಮಾವಾರಿಗೆ ನಮಸ್ಕಾರ. ಅಪ್ಪ ಆ ಸಾಲನ್ನು ಎರಡು ಸಲ ಓದುತ್ತಿದ್ದ.

ಆಮೇಲೆ ಜಪಾನಿನವರು ಲಡಾಯಿಗೆ ಇಳಿದರು. ನೂಲು ನಿಂತಿತು. ಅರ್ಧ ಓಣಿಯ ಮಗ್ಗಗಳು ಸುಮ್ಮನಾಗಿ, ಗಟಾರದ ನೀರಿಗೆ ಬಣ್ಣವೇ ಇಲ್ಲದಾಯಿತು. ತಾನಾಕಾನನ್ನು ಶತ್ರು ದೇಶದವನೆಂದು ಸರಕಾರದವರು ಹಿಡಿದು ಎಲ್ಲಿಗೋ ಸಾಗಿಸಿದ ಸುದ್ದಿ ಬಂದಾಗ ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಎರಡು ತಿಂಗಳು ಕಳೆಯುತ್ತಲೇ ಮಲಾಯಾ, ಸಿಂಗಾಪುರ ಎರಡೂ ಜಪಾನಿನವರ ಕೈಗೆ ಬಿದ್ದವು. ಮಾಮಾನ ಕಾಗದ ನಿಂತವು. ಸತ್ತನೋ ಸೆರೆಸಿಕ್ಕನೋ ಹೇಳುವವರಿಲ್ಲ.

ಅವ್ವ ಅಳಲಿಲ್ಲ. ಒಂದು ಮುಂಜಾನೆ ಸಾಗವಾನಿ ಪೆಟ್ಟಿಗೆಯನ್ನು ತಂದು ಅಪ್ಪನ ಮುಂದಿಟ್ಟು, "ಇದರ ಇರಬೇಕು ಈ ಮನ್ಯಾಗ, ಇಲ್ಲಾ ನಾನರ ಇರಬೇಕು," ಎಂದಳು.

ಇವುಗಳನ್ನು ಮಾಡಿದವರು ಬಂದೂಕು ಹಿಡಿದವರಲ್ಲ, ನಮ್ಮ ನೇಕಾರರಂತೆ ಕೈಕಸುಬಿನವರು ಎಂದು ಅಪ್ಪ ತಗ್ಗಿದ ದನಿಯಲ್ಲಿ ಹೇಳಿದ.

"ಜಪಾನದವ್ರ ಮಾತು ಯಾರಿಗೆ ಬೇಕಾಗೇತ್ರಿ? ಈ ಪೆನ್ನಿನ ಸಲುವಾಗಿ ನೀವು ಅವಗ ಅಂದ ಮಾತು ನಾ ಕೇಳೇನಿ. ಆ ಮಾತು ಅವನ್ನ ಕಳಿಸೇತಿ."

ಆಗ ನನ್ನ ಬಾಯಿಂದ ತಾನಾಗಿಯೇ ಬಂತು. ಮಾಮಾ ಅಲ್ಲ, ನಾನು ಕೆಡವಿದ್ದು ಎಂದೆ. ಎಲ್ಲವನ್ನೂ ಹೇಳಿದೆ.

ಅಪ್ಪ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ ಮಾತು. "ಮಲ್ಲೂಗ ಗೊತ್ತಿತ್ತೇನು?"

"ಗೊತ್ತಿತ್ತು."

ಅಪ್ಪ ಪೆಟ್ಟಿಗೆಯನ್ನು ತನ್ನ ಮುಂದಿನಿಂದ ಆಚೆ ಸರಿಸಿದ. ಅವ್ವ ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. ಅವತ್ತಿನಿಂದ ಅವಳು ನನ್ನ ತಲೆ ಬಾಚಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಜ್ವರ ಬಂದರೆ ಕಷಾಯ ಕೊಡುತ್ತಿದ್ದಳು. ಬಾಚಣಿಗೆ ಹಿಡಿದು ಹೋದರೆ ಮಾತ್ರ ಕೈಯಲ್ಲಿ ಕೆಲಸವಿದೆ ಎನ್ನುತ್ತಿದ್ದಳು. ನಾನು ನೆರೆಮನೆಯ ಮುದುಕಿಯ ಹತ್ತಿರ ಜಡೆ ಹಾಕಿಸಿಕೊಳ್ಳಲು ಕಲಿತೆ.

ಮೂರನೆಯ ದಿನ ಅಪ್ಪ ಬಂಗಾರದ ಕೆಲಸದ ಪತ್ತಾರನಿಂದ ಮೀನಿನ ಪೆನ್ನಿನ ನಿಬ್ಬು ನೇರ ಮಾಡಿಸಿಕೊಂಡು ಬಂದ. ಮಸಿ ತುಂಬಿ, ಹಿಂತುದಿಯ ತಿರುಪು ಸಡಿಲಿಸಿ, ಬರೆಯಲು ಕೂತ. ಜಮಖಂಡಿ ದರಬಾರಕ್ಕೆ, ಬೆಳಗಾವಿಯ ದಂಡಿನ ಕಚೇರಿಗೆ, ಸೆರೆಯಾಳುಗಳ ಸುದ್ದಿ ಹುಡುಕಿಕೊಡುವ ಮುಂಬಯಿಯ ಸಂಸ್ಥೆಗೆ. ಲಾರಿ ಓಡಿಸುವ ಮಲ್ಲಪ್ಪ ಬದುಕಿದ್ದಾನೋ ಇಲ್ಲವೋ ತಿಳಿಸಿ ಎಂಬ ಅರ್ಜಿ. ಉತ್ತರ ಬರಲಿಲ್ಲ. ಆಗ ಉಳಿದ ಎಂಟು ಪೆನ್ನುಗಳ ಪೆಟ್ಟಿಗೆ ತೆಗೆದು, "ನಡೀ, ನೀನೂ ಬಾ," ಎಂದು ನನ್ನನ್ನು ಕರೆದ.

ಆ ಬೇಸಗೆಯಿಡೀ ಮಾಮಾನ ಸುದ್ದಿ ತರಿಸಬಲ್ಲವರನ್ನು ಹುಡುಕಿ ನಾವು ತಿರುಗಿದೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಜಮಖಂಡಿಯ ಒಬ್ಬ ಅಧಿಕಾರಿಗೆ ತಾನಾಕಾ ಕೊಟ್ಟ ಕೊಕ್ಕರೆಯ ಪೆನ್ನು ಹೋಯಿತು. ಅವರು ಅದನ್ನು ಬೆಳಕಿಗೆ ಹಿಡಿದು ಹೊಗಳಿದರು, ಬರೆದು ಕೇಳುತ್ತೇನೆ ಎಂದರು. ಬರೆದರೋ ಇಲ್ಲವೋ. ಬೆಳಗಾವಿಯ ಕಚೇರಿಯ ಹಿರಿಯ ಗುಮಾಸ್ತನೊಬ್ಬ ತೆರೆಯ ಪೆನ್ನು ಜೇಬಿಗಿಟ್ಟುಕೊಂಡು, ಮುಂದಿನ ವಾರ ಬನ್ನಿ ಎಂದ. ಮುಂದಿನ ವಾರ ಹೋದರೆ ಗುರುತೇ ಇಲ್ಲದವನಂತೆ ನಮ್ಮನ್ನು ಹೊರಗೆ ಕೂಡಿಸಿದ. ಸೇವಂತಿಗೆಯದು ಇನ್ನೊಬ್ಬರಿಗೆ. ಕೊಡುವ ಮೊದಲು ಪ್ರತಿ ಪೆನ್ನನ್ನೂ ಅಪ್ಪ ನನ್ನ ಕೈಗಿಟ್ಟು ಒರೆಸು ಎನ್ನುತ್ತಿದ್ದ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಮುಧೋಳದಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದರು. ಸೈನ್ಯದಲ್ಲಿ ಅವರ ಮಾತು ನಡೆಯುತ್ತದೆಂದು ಯಾರೋ ಹೇಳಿದ್ದರು. ಅವರ ಜಗುಲಿಯ ಮೇಲೆ ಒಂದು ಬಡಕಲು ಬೇಟೆನಾಯಿ ಕಾಲು ಚಾಚಿ ಮಲಗಿತ್ತು. ಅವರು ನಮಗೆ ಮಜ್ಜಿಗೆ ತರಿಸಿ ಎಲ್ಲ ಕೇಳಿಸಿಕೊಂಡರು. ಅಪ್ಪ ಚಂದ್ರನ ಪೆನ್ನು ಮುಂದಿಟ್ಟಾಗ ಅದನ್ನು ಎತ್ತಿಕೊಂಡು, ಕೆಳಗಿನ ಕೆಂಪು ಹೆಸರನ್ನು ಉಗುರಿನಿಂದ ಸವರಿ ನೋಡಿದರು.

"ನನ್ನ ಮಗನ್ನ ಹಿಡದವ್ರ ದೇಶದ್ದು ಇದು," ಎಂದರು. "ಛಲೋ ಐತಿ. ಒಳಗ ಇಟ್ಕೋರಿ. ನನ್ನ ಹುಡುಗಂದೂ ಸುದ್ದಿ ಇಲ್ಲ."

ವಾಪಸು ಹೊರಡುವಾಗ ಆ ಪೆನ್ನನ್ನು ಅಪ್ಪ ತಾನೇ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಚಂದ್ರನ ಪೆನ್ನೂ ಇನ್ನುಳಿದ ನಾಲ್ಕೂ ಮಳೆಗಾಲದ ಹೊತ್ತಿಗೆ ಮುಂಬಯಿಯಲ್ಲಿ ಯಾರ್ಯಾರ ಕೈಗೋ ಹೋದವು. ಉಳಿದದ್ದು ಯಾರಿಗೂ ಬೇಡವಾದ, ಬಾಯಿ ಮುಕ್ಕಾದ ಮೀನಿನದು. ಅದರಿಂದ ಅಪ್ಪ ಅರ್ಜಿ ಬರೆಯುತ್ತಲೇ ಇದ್ದ.

ಒಂದು ವರ್ಷದ ಮೇಲೆ ಒಂದು ಕಾರ್ಡು ಬಂತು. ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಸಾಲು: ನಾನು ಸೆರೆಯಲ್ಲಿದ್ದೇನೆ, ಕ್ಷೇಮ. ಕೆಳಗೆ ಅವನ ಸಹಿ. ಪೆನ್ನು ತೆಗೆದುಕೊಂಡವರಲ್ಲಿ ಯಾರಾದರೂ ಸಹಾಯ ಮಾಡಿದ್ದರೋ, ಕಾರ್ಡು ತಾನಾಗಿಯೇ ಬಂದಿತ್ತೋ, ಇಂದಿಗೂ ತಿಳಿಯದು. ಅವ್ವ ಆ ಕಾರ್ಡನ್ನು ದೇವರ ಜಗಲಿಯ ಮೇಲೆ ಲಿಂಗದ ಪಕ್ಕ ಇಟ್ಟಳು. ಅವತ್ತು ಸಂಜೆ ಅವಳು ಅಪ್ಪನ ಜೊತೆ ಬಹಳ ದಿನಗಳ ಮೇಲೆ ಪೂರಾ ಒಂದು ಮಾತಾಡಿದಳು. ನನ್ನ ತಲೆ ಬಾಚಲು ಇನ್ನೂ ಎರಡು ವರ್ಷ ಹಿಡಿಯಿತು.

ಲಡಾಯಿ ಮುಗಿದ ಮೇಲೆ ಮಾಮಾ ಬಂದ. ಅಪ್ಪ ಕುಡಚಿಗೆ ಹೋಗಿ ಕರೆತಂದ. ಬಾಗಿಲಲ್ಲಿ ನಿಂತವನನ್ನು ಅವ್ವ ಗುರುತಿಸಿದಳು, ನಾನು ಗುರುತಿಸಲಿಲ್ಲ. ಇಪ್ಪತ್ತೈದಕ್ಕೇ ಕೂದಲು ಉದುರಿತ್ತು, ಹಲ್ಲು ಹೋಗಿದ್ದವು. ತಾಟಿನ ಸುತ್ತ ಎಡಗೈ ಅಡ್ಡವಿಟ್ಟು ಉಣ್ಣುತ್ತಿದ್ದ. ಹಾಸಿಗೆ ಎತ್ತಿದರೆ ಅವನು ಅಡಗಿಸಿಟ್ಟ ರೊಟ್ಟಿಯ ಒಣ ತುಣುಕುಗಳು ಕಾಣುತ್ತಿದ್ದವು, ಅವ್ವ ಅವನ್ನು ತೆಗೆಯದೆ ಹಾಗೆಯೇ ಮತ್ತೆ ಹಾಸುತ್ತಿದ್ದಳು. ಮಾಮಾ ಮತ್ತೆ ಲಾರಿಯ ಹತ್ತಿರ ಹೋಗಲಿಲ್ಲ. ಓಣಿಯ ಮುದುಕಿಯರ ಜೊತೆ ಕೂತು ಮಗ್ಗದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಹಿಡಿದ.

ಅಪ್ಪ ಒಂದು ದಿನ ಅವನ ಎದುರು ಕೂತು, ಅವತ್ತು ತಾನು ಆಡಬಾರದ ಮಾತು ಆಡಿದೆ ಎಂದ. ಯಾವತ್ತು ಎಂದು ಮಾಮಾ ಕೇಳಿದ. ಅಪ್ಪ ಎದ್ದು ಹೊರಗೆ ಹೋದ.

ನನಗೆ ಆಗ ಹದಿನೈದು, ಮದುವೆ ಗೊತ್ತಾಗಿತ್ತು. ಹೋಗುವ ಮೊದಲು ಹೇಳಲೇಬೇಕೆಂದು ಅವನ ರಾಟೆಯ ಪಕ್ಕ ಕೂತೆ. ಮಾಮಾ, ಆ ಪೆನ್ನು ಕೆಡವಿದ್ದು ನಾನೆಂದು ಎಲ್ಲರಿಗೂ ಹೇಳಿದ್ದೇನೆ, ನನ್ನಿಂದಲೇ ನೀನು ಹೋಗಬೇಕಾಯಿತು ಎಂದೆ.

"ಯಾವ ಪೆನ್ನವ್ವಾ?"

ಮೊದಲಿನಿಂದ ಹೇಳಿದೆ. ಮೀನು, ಮಸಿ, ಹೊಸ್ತಿಲು, ಅರ್ಧ ಬಿಟ್ಟ ರೊಟ್ಟಿ. ಯಾವುದೋ ಊರಿನ ಯಾರದೋ ಮನೆಯ ಸುದ್ದಿ ಕೇಳುವಂತೆ ಅವನು ಕೇಳಿದ. ನನ್ನ ಮನಸ್ಸು ನೋಯಬಾರದೆಂದು ನಟಿಸುತ್ತಿದ್ದಾನೋ ಎಂದು ಮುಖ ನೋಡಿದೆ. ಇಲ್ಲ. ಅಲ್ಲಿ ಆ ದಿನದ ನೆನಪೇ ಇರಲಿಲ್ಲ. "ಹಂಗೇನು," ಎಂದು ಮತ್ತೆ ರಾಟೆ ತಿರುಗಿಸತೊಡಗಿದ.

ಕೆಲ ವರ್ಷಗಳಲ್ಲೇ ಸಂಸ್ಥಾನಗಳು ಹೋದವು. ಬನಹಟ್ಟಿ, ರಬಕವಿ ಒಂದೇ ರಾಜ್ಯವಾದವು. ಕುಣಿಮಗ್ಗಗಳ ಜಾಗದಲ್ಲಿ ವಿದ್ಯುತ್ ಮಗ್ಗಗಳು ಬಂದವು. ಅಪ್ಪ ಮತ್ತೆ ಯಾವ ಪೆನ್ನನ್ನೂ ಕೂಡಿಹಾಕಲಿಲ್ಲ. ಅಂಥ ಪೆನ್ನುಗಳನ್ನು ಈಗ ದೊಡ್ಡ ಊರುಗಳಲ್ಲಿ ಗಾಜಿನ ಕಪಾಟಿನಲ್ಲಿಟ್ಟು ತೋರಿಸುತ್ತಾರೆಂದು ನನ್ನ ಮೊಮ್ಮಗಳು ಹೇಳಿದಳು. ನೀವು ಅವನ್ನು ಉಳಿಸಿಕೊಳ್ಳಬೇಕಾಗಿತ್ತು ಎಂದು ಹಳಹಳಿಸಿದಳು. ಪೆನ್ನು ಹೋದದ್ದಕ್ಕೆ ನಾನು ಎಂದೂ ಅತ್ತವಳಲ್ಲ. ಮಾಮಾ ಇನ್ನೂ ಮೂವತ್ತು ವರ್ಷ ನಮ್ಮ ತವರಿನಲ್ಲೇ ಬದುಕಿದ್ದ. ಹಬ್ಬಕ್ಕೆ ಹೋದಾಗಲೆಲ್ಲ ಆರಾಮ ಇದೀಯೇನು ಎಂದು ಕೇಳುತ್ತಿದ್ದ, ನಾನು ಹೂಂ ಎನ್ನುತ್ತಿದ್ದೆ. ನೆರಿಗೆಯಲ್ಲಿ ಹುಗಿದ ಕೈಯನ್ನು ಒಂದೇ ನೋಟಕ್ಕೆ ಕಂಡುಕೊಂಡು, ನನ್ನ ತಪ್ಪನ್ನು ತನ್ನದೆಂದ ಆ ಇಪ್ಪತ್ತರ ಹುಡುಗನ ಕಾಲಿಗೆ ಬೀಳಲು ನಾನು ಐದು ವರ್ಷ ಕಾದಿದ್ದೆ. ಆ ಹುಡುಗ ಲಡಾಯಿಯಿಂದ ತಿರುಗಿ ಬರಲೇ ಇಲ್ಲ.