ಅತ್ತೆ ಕಂಡ ನಕ್ಷತ್ರಗುಚ್ಛ

“ಸ್ವಲ್ಪ ಸರಕೋ, ನಾನೂ ನೋಡ್ತೀನಿ” ಎಂದು ನಮ್ಮ ಅತ್ತೆ ಶಾಲು ಬಿಗಿದುಕೊಂಡು ನನ್ನ ದೂರದರ್ಶಕದ ಮುಂದೆ ಬಂದು ನಿಂತರು.

ಪುಣೆಯ ದೀಪಗಳಿಂದ ತಪ್ಪಿಸಿಕೊಂಡು ಶಿರೂರಿನ ಆಚೆ ಗೆಳತಿಯ ಹೊಲಕ್ಕೆ ಬಂದಿದ್ದೆವು. ಆಂಡ್ರೊಮಿಡಾ ಗೆಲಾಕ್ಸಿಯನ್ನು ಸುತ್ತುವ ಒಂದು ನಕ್ಷತ್ರಗುಚ್ಛಕ್ಕಾಗಿ ನಾನು ಎರಡು ಚಳಿಗಾಲದಿಂದ ಒದ್ದಾಡುತ್ತಿದ್ದೆ. ಲಕ್ಷಗಟ್ಟಲೆ ನಕ್ಷತ್ರಗಳ ಗೊಂಚಲಾದರೂ ನಮ್ಮಂಥ ಹವ್ಯಾಸಿಗಳಿಗೆ ಅದು ಬರೀ ಮಸುಕು ಚುಕ್ಕೆ. ನೇರವಾಗಿ ನೋಡಿದರೆ ಮಾಯವಾಗುತ್ತದೆ. ದೃಷ್ಟಿಯನ್ನು ತುಸು ಪಕ್ಕಕ್ಕಿಟ್ಟು ಓರೆಗಣ್ಣಿನಲ್ಲಿ ಹಿಡಿಯಬೇಕು. ನನ್ನ ಹಾಳು ಕಣ್ಣೋ, ಪ್ರತಿಸಲ ನೇರಕ್ಕೇ ಓಡುತ್ತಿತ್ತು.

ಇಷ್ಟನ್ನು ಅತ್ತೆಗೆ ವಿವರಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರು, “ಕಂಡ್ತಲ್ಲ! ಎರಡು ಚಿಕ್ಕಿ ಹತ್ರಹತ್ರ ಅವ, ಮಗ್ಗಲಾಗ ಒಂದು ಮಬ್ಬ ಚುಕ್ಕಿ ಅದ” ಎಂದರು.

ನನಗೆ ಸಿಟ್ಟೇ ಬಂತು. ಪಕ್ಕದಲ್ಲಿ ಎರಡು ನಕ್ಷತ್ರಗಳಿರುವುದೇ ಅದರ ಗುರುತು, ಅದನ್ನು ನಾನು ಹೇಳಿಯೇ ಇರಲಿಲ್ಲ!

“ನಿಮಗ ಇಷ್ಟ ಲಗೂ ಹ್ಯಾಂಗ ಕಂಡಿತ್ರಿ?”

“ಅದರಾಗೇನದ? ನೆಟ್ಟಗ ನೋಡಿದ್ರ ಯಾರ ಮನಿ ಸುದ್ದಿನೂ ತಿಳಿಯೂದಿಲ್ಲ.”

ಮದುವೆಯಾದಾಗಿನಿಂದ ಅತ್ತೆ ನನ್ನತ್ತ ನೋಡುವುದೇ ಇಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಮರುದಿನ ಮನೆಗೆ ಮರಳಿ ಅಡುಗೆಮನೆಯಲ್ಲಿ ಅವರಿಗೆ ಬೆನ್ನು ಮಾಡಿ ನಿಂತು, ಸೀದುಹೋದ ರೊಟ್ಟಿಯೊಂದನ್ನು ಮೆಲ್ಲಗೆ ಬುಟ್ಟಿಯ ತಳಕ್ಕೆ ಸೇರಿಸಿದೆ. ಹೊರಗೆ ಹಾಲ್‌ನಲ್ಲಿ ಧಾರಾವಾಹಿ ನೋಡುತ್ತಿದ್ದ ಅತ್ತೆ ಟಿವಿಯಿಂದ ಮುಖ ತಿರುಗಿಸದೆಯೇ ಹೇಳಿದರು: “ಅದನ್ನ ನನಗ ಹಾಕಬ್ಯಾಡ.”